ತರ್ಕದ ಲೆಕ್ಕಿಗ ಜಾರ್ಜ್ ಬೂಲ್

ಅಂಗೈಯಗಲದ ಒಂದು ಪೆಟ್ಟಿಗೆ. ಅದರ ಮೇಲೆ ಸಾಲಿಗೆ ಐದರಂತೆ ಐದು ಸಾಲು, ಒಟ್ಟು ೨೫ ಗುಂಡಿಗಳು. ಪ್ರತಿಯೊಂದು ಗುಂಡಿಯ ಒಳಗೂ ಒಂದು ಪುಟ್ಟ ದೀಪ. ಆಟ ಮೊದಲಾದಾಗ ಕೆಲವು ದೀಪಗಳು ಉರಿಯುತ್ತಿರುತ್ತವೆ, ಕೆಲವು ಆರಿರುತ್ತವೆ. ಎಲ್ಲವನ್ನೂ ಆರಿಸಿಬಿಟ್ಟರೆ ಗೆಲುವು. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ಒಂದು ಗುಂಡಿಯನ್ನು ಒತ್ತಿದರೆ ಆ ಒಂದು ದೀಪ ಮಾತ್ರ ಬದಲಾಗುವುದಿಲ್ಲ. ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ದೀಪಗಳೂ ಬದಲಾಗುತ್ತವೆ. ಉರಿಯುತ್ತಿದ್ದುದು ಆರುತ್ತದೆ, ಆರಿದ್ದುದು ಉರಿಯುತ್ತದೆ. ಇಲ್ಲಿ ಕತ್ತಲೆ ಮಾಡಿದೆನೆಂದು ಹಿಗ್ಗುವಷ್ಟರಲ್ಲಿ ಅಲ್ಲಿ ಬೆಳಕಾಗಿರುತ್ತದೆ.

೧೯೯೫ರಲ್ಲಿ ಅಮೆರಿಕದ ಟೈಗರ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಯು ಈ ಆಟಿಕೆಯನ್ನು 'ಲೈಟ್ಸ್ ಔಟ್' ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಅದಕ್ಕೂ ಮೊದಲು, ೧೯೭೮ರಲ್ಲಿ, ಪಾರ್ಕರ್ ಬ್ರದರ್ಸ್ ಎಂಬವರು ತಂದ 'ಮರ್ಲಿನ್' ಎಂಬ ಕೆಂಪು ಬಣ್ಣದ ಆಟಿಕೆಯಲ್ಲಿ ಇದೇ ಜಾತಿಯ ಒಂಬತ್ತು ಮನೆಗಳ ಆಟವೊಂದು ಇದ್ದಿತು. ಇವು ಒಬ್ಬರೇ ಕುಳಿತು ಆಡುವ ಆಟಗಳಾದರೂ ಮನೆಮಂದಿಯೆಲ್ಲ ಸುತ್ತ ಕುಳಿತು ಸಲಹೆ ಕೊಡುವುದನ್ನು ತಪ್ಪಿಸಲಾಗುವುದಿಲ್ಲ. ನಮ್ಮ ಮನೆಗೆ ಇಂಥದೊಂದು ಬಂದ ದಿನ ನಾನು ಅರ್ಧ ಗಂಟೆ ಸೆಣಸಿ ಸೋತು, ಪೆಟ್ಟಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟೆ.

ಈ ಪೆಟ್ಟಿಗೆಯೊಳಗಿನ ವಿದ್ಯುತ್ತಿಗೆ ತಿಳಿಯುವುದು ಎರಡೇ ಸಂಗತಿ: ಇದೆ, ಇಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಒಂದು ಮತ್ತು ಸೊನ್ನೆ. ಇವೆರಡನ್ನೇ ಹಿಡಿದು ಮನುಷ್ಯನ ತರ್ಕವನ್ನು ಬೀಜಗಣಿತದಂತೆ ಬರೆದು ಬಿಡಿಸಬಹುದೆಂದು ತೋರಿಸಿಕೊಟ್ಟವನು ಯಾವ ಯಂತ್ರವನ್ನೂ ಕಟ್ಟಿದವನಲ್ಲ. ಅವನು ಒಬ್ಬ ಶಾಲಾ ಉಪಾಧ್ಯಾಯ. ಮನೆಗಳಲ್ಲಿ ವಿದ್ಯುದ್ದೀಪಗಳು ಉರಿಯುವ ಕಾಲಕ್ಕೆ ಮುಂಚೆಯೇ ತೀರಿಕೊಂಡವನು. ಅವನ ಹೆಸರು ಜಾರ್ಜ್ ಬೂಲ್.

ಬೂಲನು ೧೮೧೫ನೆಯ ನವೆಂಬರ್ ೨ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಜಾನ್ ಬೂಲನದು ಜೋಡು ಹೊಲಿಯುವ ಕಸುಬು. ತಾಯಿ ಮೇರಿ ಆನ್ ಮದುವೆಗೆ ಮುಂಚೆ ಸಿರಿವಂತರ ಮನೆಯಲ್ಲಿ ಊಳಿಗದವಳಾಗಿದ್ದಳು. ನಾಲ್ವರು ಮಕ್ಕಳಲ್ಲಿ ಜಾರ್ಜನೇ ಹಿರಿಯ. ತಂದೆಯ ಕೈ ತೊಗಲಿನ ಮೇಲಿದ್ದರೂ ಮನಸ್ಸು ಮಸೂರಗಳ ಮೇಲೆಯೇ ಇರುತ್ತಿತ್ತು. ಅವನು ತಾನೇ ದೂರದರ್ಶಕವನ್ನು ಕಟ್ಟಿಕೊಂಡು, ಆಕಾಶವನ್ನು ನೋಡಬಯಸುವವರು ಒಳಗೆ ಬರಬಹುದೆಂದು ಅಂಗಡಿಯ ಕಿಟಕಿಯಲ್ಲಿ ಚೀಟಿ ಹಾಕಿದ್ದನು. ಇಂಥ ಅಂಗಡಿಯಲ್ಲಿ ಗಿರಾಕಿಗಳಿಗಿಂತ ನೋಟಕರು ಹೆಚ್ಚಾದರೆ ಅಚ್ಚರಿಯೇನು? ಮಗನಿಗೆ ಗಣಿತದ ಮೊದಲ ಪಾಠಗಳು ದೊರೆತವು. ಮನೆಗೆ ಬಡತನ ದೊರೆಯಿತು.

ಹೆಚ್ಚಿನ ಶಾಲೆಗೆ ಕಳುಹಿಸುವ ಅನುಕೂಲ ಆ ಮನೆಗಿರಲಿಲ್ಲ. ಪುಸ್ತಕದ ವ್ಯಾಪಾರಿಯೊಬ್ಬನು ಹುಡುಗನಿಗೆ ಲ್ಯಾಟಿನ್ ಭಾಷೆಯ ಮೊದಲ ಮೆಟ್ಟಿಲುಗಳನ್ನು ಹತ್ತಿಸಿದನು. ಗ್ರೀಕ್ ಭಾಷೆಯನ್ನು ಅವನು ತಾನಾಗಿಯೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಗ್ರೀಕ್ ಕವಿತೆಯನ್ನು ಇಂಗ್ಲಿಷಿಗೆ ತಂದಾಗ ತಂದೆಯು ಹೆಮ್ಮೆಯಿಂದ ಅದನ್ನು ಊರಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಅದನ್ನು ಓದಿದ ಉಪಾಧ್ಯಾಯನೊಬ್ಬನು, ಆ ವಯಸ್ಸಿನ ಹುಡುಗ ಇದನ್ನು ಮಾಡಿರಲಾರನೆಂದು ಪತ್ರಿಕೆಯಲ್ಲಿಯೇ ಆಕ್ಷೇಪಿಸಿದನು. ನಾನೂ ಉಪಾಧ್ಯಾಯನಾಗಿದ್ದವನು; ಚೆನ್ನಾಗಿ ಬರೆದ ಹುಡುಗನನ್ನು ನಕಲು ಮಾಡಿದನೆಂದು ಶಂಕಿಸುವ ಈ ದೌರ್ಬಲ್ಯ ನಮ್ಮ ಕಸುಬಿನಲ್ಲಿ ಹಳೆಯದೇ ಎಂದು ತಿಳಿದು ನನಗೆ ನಾಚಿಕೆಯಾಯಿತು.

ತಂದೆಯ ವ್ಯಾಪಾರ ನೆಲಕಚ್ಚಿತು. ೧೮೩೧ರಲ್ಲಿ, ಹದಿನಾರು ವರ್ಷವೂ ತುಂಬುವ ಮುನ್ನ, ಜಾರ್ಜನು ಡಾಂಕಾಸ್ಟರ್ ಎಂಬ ಊರಿನ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾದನು. ಅಂದಿನಿಂದ ತಂದೆ, ತಾಯಿ, ತಂಗಿ, ತಮ್ಮಂದಿರ ಹೊರೆ ಅವನ ಹೆಗಲೇರಿತು. ಸಂಬಳದಲ್ಲಿ ಉಳಿಯುತ್ತಿದ್ದುದು ಅಲ್ಪ. ಪುಸ್ತಕ ಕೊಳ್ಳುವಾಗ ಅವನು ಹೂಡಿದ ಉಪಾಯ ವಿನೋದವಾದುದು. ಕಥೆ ಕವಿತೆಗಳ ಪುಸ್ತಕ ಬೇಗ ಓದಿ ಮುಗಿದುಹೋಗುತ್ತದೆ. ಗಣಿತದ ಪುಸ್ತಕವಾದರೆ ಅಷ್ಟೇ ಹಣಕ್ಕೆ ತಿಂಗಳುಗಟ್ಟಲೆ ಬಾಳುತ್ತದೆ. ಹೀಗೆ ಲೆಕ್ಕ ಹಾಕಿ ಅವನು ಫ್ರಾನ್ಸಿನ ಲಕ್ರ್ವಾ ಎಂಬ ವಿದ್ವಾಂಸನ ಕಲನಶಾಸ್ತ್ರದ ಗ್ರಂಥವನ್ನು ಹಿಡಿದನು. ಕಲಿಸುವ ಗುರುವಿಲ್ಲದೆ ಅದನ್ನು ಅರಗಿಸಿಕೊಳ್ಳಲು ವರ್ಷಗಳೇ ಹಿಡಿದವು. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ.

ಆ ಊರಿನ ಒಂದು ಹುಲ್ಲುಗಾವಲನ್ನು ದಾಟುತ್ತಿದ್ದಾಗ ಅವನಿಗೆ ಥಟ್ಟನೆ ಒಂದು ಯೋಚನೆ ಹೊಳೆಯಿತೆಂದು ಮುಂದೆ ಅವನ ಹೆಂಡತಿ ಬರೆದಿಟ್ಟಿದ್ದಾಳೆ. ಗ್ರಹಗಳ ಚಲನೆಗೆ ನಿಯಮಗಳಿರುವಂತೆ ನಮ್ಮ ಯೋಚನೆಯ ಚಲನೆಗೂ ನಿಯಮಗಳಿರಬೇಕು, ಅವನ್ನು ಗಣಿತದ ಚಿಹ್ನೆಗಳಲ್ಲಿ ಬರೆಯಲು ಬರಬೇಕು ಎಂಬುದೇ ಆ ಯೋಚನೆ. ಅದು ಫಲಕ್ಕೆ ಬರಲು ಇನ್ನೂ ಹದಿನೈದು ವರ್ಷಗಳ ಕಾಲ ಕಾಯಬೇಕಾಯಿತು. ಕಾಯುವುದಕ್ಕೆ ಕಾರಣ ಅವನ ಸೋಮಾರಿತನವಲ್ಲ, ಅನ್ನದ ಚಿಂತೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಲಿಂಕನ್ನಿಗೆ ಹಿಂದಿರುಗಿ ತನ್ನದೇ ಶಾಲೆಯನ್ನು ತೆರೆದನು. ಹಗಲೆಲ್ಲ ಮಕ್ಕಳ ಪಾಠ, ಶಾಲೆಯ ಲೆಕ್ಕಪತ್ರ, ರಾತ್ರಿ ಉಳಿದಷ್ಟು ಹೊತ್ತು ತನ್ನ ಗಣಿತ.

ಲಿಂಕನ್ನಿನಲ್ಲಿ ಕೈಕಸುಬಿನವರಿಗಾಗಿ ಒಂದು ವಿದ್ಯಾಸಂಸ್ಥೆ ಹುಟ್ಟಿಕೊಂಡಿತ್ತು. ಅಲ್ಲಿಯ ಪುಸ್ತಕಗಳನ್ನೂ ಉಪಕರಣಗಳನ್ನೂ ನೋಡಿಕೊಳ್ಳುವ ಕೆಲಸ ಜಾನ್ ಬೂಲನಿಗೆ ಬಂದಿತು. ಮಗನಿಗೆ ಇದರಿಂದ ಒಂದು ಭಂಡಾರದ ಬಾಗಿಲೇ ತೆರೆದಂತಾಯಿತು. ಅದೇ ಸೀಮೆಯಲ್ಲಿ ಹುಟ್ಟಿದ ನ್ಯೂಟನ್ನನ ಪ್ರತಿಮೆಯನ್ನು ಆ ಸಂಸ್ಥೆಗೆ ಕಾಣಿಕೆಯಾಗಿ ಕೊಟ್ಟಾಗ, ೧೮೩೫ರಲ್ಲಿ, ನ್ಯೂಟನ್ನನನ್ನು ಕುರಿತು ಉಪನ್ಯಾಸ ಮಾಡಿದವನು ಹತ್ತೊಂಬತ್ತರ ಈ ಉಪಾಧ್ಯಾಯನೇ. ಅಂಗಡಿಗಳಲ್ಲಿ ರಾತ್ರಿಯವರೆಗೂ ದುಡಿಯುತ್ತಿದ್ದ ಕೆಲಸಗಾರರಿಗೆ ಓದಲು ಬಿಡುವು ಸಿಗಲೆಂದು ಅಂಗಡಿಗಳನ್ನು ಬೇಗ ಮುಚ್ಚಿಸುವ ಚಳವಳಿಯಲ್ಲಿಯೂ ಅವನು ಪಾಲುಗೊಂಡನು. ಬಿಡುವಿಲ್ಲದವನಿಗೇ ಬಿಡುವಿನ ಬೆಲೆ ತಿಳಿದಿರುವುದು ಸಹಜ.

ಅವನ ಲೇಖನಗಳು ಕೇಂಬ್ರಿಜ್ಜಿನ ಗಣಿತ ಪತ್ರಿಕೆಯಲ್ಲಿ ಬೆಳಕು ಕಂಡವು. ಅದರ ಸಂಪಾದಕ ಡಂಕನ್ ಗ್ರೆಗರಿ ಅವನಿಗೆ ಹಿತೈಷಿಯಾದನು. ಕೇಂಬ್ರಿಜ್ಜಿಗೇ ಹೋಗಿ ಪದವಿ ಪಡೆಯಬೇಕೆಂಬ ಆಸೆ ಬೂಲನಿಗೆ ಹುಟ್ಟಿತು. ಆದರೆ ಅವನು ಶಾಲೆ ಮುಚ್ಚಿದರೆ ಮನೆಯವರಿಗೆ ಊಟವಿಲ್ಲ. ಆಸೆಯನ್ನು ಅಲ್ಲಿಗೇ ಬಿಟ್ಟನು. ಪದವಿಯಿಲ್ಲದ ಈ ಮೇಷ್ಟರು ೧೮೪೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ದೀರ್ಘ ಪ್ರಬಂಧವನ್ನು ಕಳುಹಿಸಿದನು. ಹೆಸರು ಕೇಳದ ಬಡ ಉಪಾಧ್ಯಾಯನ ಬರಹವೆಂದು ಅದು ಸ್ವಲ್ಪದರಲ್ಲಿಯೇ ಮೂಲೆ ಸೇರುವುದರಲ್ಲಿತ್ತು. ಪರೀಕ್ಷಕರಲ್ಲಿ ಒಬ್ಬನಿಗೆ ಅದರ ಬೆಲೆ ತಿಳಿಯಿತು. ಆ ವರ್ಷ ಸೊಸೈಟಿಯ ಚಿನ್ನದ ಪದಕ ಅದಕ್ಕೇ ಸಂದಿತು.

ಮೂರು ವರ್ಷಗಳ ಬಳಿಕ ಇಬ್ಬರು ದೊಡ್ಡ ವಿದ್ವಾಂಸರ ನಡುವೆ ಒಂದು ಜಗಳ ನಡೆಯಿತು. ತರ್ಕಶಾಸ್ತ್ರದ ಒಂದು ವಿಚಾರವನ್ನು ಮೊದಲು ಕಂಡವರಾರು ಎಂಬುದು ಗಣಿತಜ್ಞ ಡಿ ಮಾರ್ಗನ್ನನಿಗೂ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ವಿಲಿಯಂ ಹ್ಯಾಮಿಲ್ಟನ್ನನಿಗೂ ನಡೆದ ವಾಗ್ವಾದ. ಅದನ್ನು ದೂರದಿಂದ ನೋಡುತ್ತಿದ್ದ ಬೂಲನಿಗೆ ಹುಲ್ಲುಗಾವಲಿನ ಹಳೆಯ ಯೋಚನೆ ನೆನಪಾಯಿತು. ೧೮೪೭ರಲ್ಲಿ ತರ್ಕದ ಗಣಿತವನ್ನು ಕುರಿತು ಒಂದು ತೆಳುವಾದ ಪುಸ್ತಕವನ್ನು ಹೊರತಂದನು. ೧೮೫೪ರಲ್ಲಿ ಅದನ್ನೇ ಬೆಳೆಸಿ, ಯೋಚನೆಯ ನಿಯಮಗಳನ್ನು ಕುರಿತ ದೊಡ್ಡ ಗ್ರಂಥವನ್ನು ಬರೆದನು.

ಆ ಗ್ರಂಥದ ತಿರುಳನ್ನು ನಮ್ಮ ಶಾಲೆಯ ಅಂಗಳದಲ್ಲಿ ನಿಂತೇ ತಿಳಿಯಬಹುದು. ಅಂಗಳದಲ್ಲಿರುವ ಮಕ್ಕಳನ್ನೆಲ್ಲ ನೋಡಿರಿ. ಕನ್ನಡಕ ಹಾಕಿದವರನ್ನು ಆರಿಸಿ ತೆಗೆಯುವ ಕ್ರಿಯೆಗೆ 'ಕ' ಎಂದೂ ಒಂಬತ್ತನೆಯ ತರಗತಿಯವರನ್ನು ಆರಿಸುವ ಕ್ರಿಯೆಗೆ 'ತ' ಎಂದೂ ಹೆಸರಿಡಿ. ಮೊದಲು ಕ, ಆಮೇಲೆ ತ. ಅಥವಾ ಮೊದಲು ತ, ಆಮೇಲೆ ಕ. ಹೇಗೆ ಆರಿಸಿದರೂ ಕೊನೆಗೆ ನಿಲ್ಲುವವರು ಅದೇ ಮಕ್ಕಳು, ಅಂದರೆ ಒಂಬತ್ತನೆಯ ತರಗತಿಯ ಕನ್ನಡಕದವರು. ಗುಣಾಕಾರದಲ್ಲಿ ಎರಡು ಮೂರಲಿ, ಮೂರು ಎರಡಲಿ ಒಂದೇ ಆಗುವಂತೆ, ಕ × ತ ಎಂಬುದೂ ತ × ಕ ಎಂಬುದೂ ಒಂದೇ.

ಇಲ್ಲಿಯವರೆಗೆ ಹೊಸತೇನೂ ಇಲ್ಲ. ಹೊಸತು ಇರುವುದು ಮುಂದಿನ ಹೆಜ್ಜೆಯಲ್ಲಿ. ಕನ್ನಡಕದವರನ್ನು ಆರಿಸಿ, ಆ ಗುಂಪಿನಿಂದ ಮತ್ತೆ ಕನ್ನಡಕದವರನ್ನೇ ಆರಿಸಿದರೆ? ಗುಂಪು ಬದಲಾಗುವುದಿಲ್ಲ. ಆದ್ದರಿಂದ ಕ × ಕ = ಕ. ಸಾಮಾನ್ಯ ಲೆಕ್ಕದಲ್ಲಿ ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು, ಮೂರನ್ನು ಮೂರರಿಂದ ಗುಣಿಸಿದರೆ ಒಂಬತ್ತು; ಈ ನಿಯಮ ಹೊಂದುವುದಿಲ್ಲ. ಇದಕ್ಕೆ ತಲೆಬಾಗುವ ಸಂಖ್ಯೆಗಳು ಎರಡೇ ಎರಡು: ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಒಂದನ್ನು ಒಂದರಿಂದ ಗುಣಿಸಿದರೆ ಒಂದು. ತರ್ಕದ ಗಣಿತಕ್ಕೆ ಈ ಎರಡು ಸಂಖ್ಯೆಗಳೇ ಸಾಕೆಂದು ಬೂಲನು ಕಂಡನು. ಅಂಗಳದ ಎಲ್ಲರೂ ಎಂದರೆ ೧. ಯಾರೂ ಇಲ್ಲವೆಂದರೆ ೦. ಕನ್ನಡಕವಿಲ್ಲದವರು ೧ – ಕ. ಕನ್ನಡಕ ಇದ್ದೂ ಇಲ್ಲದವರು ಯಾರಾದರೂ ಉಂಟೇ? ಇಲ್ಲ. ಅಂದರೆ ಕ × (೧ – ಕ) = ೦. ಒಂದು ವಸ್ತುವು ಏಕಕಾಲದಲ್ಲಿ ಇರಲೂ ಇಲ್ಲದಿರಲೂ ಆಗದೆಂದು ಅರಿಸ್ಟಾಟಲನ ಕಾಲದಿಂದ ಪಂಡಿತರು ವಾದಿಸುತ್ತ ಬಂದಿದ್ದ ತತ್ತ್ವವು ಹೀಗೆ ಒಂದು ಸಣ್ಣ ಸಮೀಕರಣದೊಳಗೆ ಅಡಗಿಕೊಂಡಿತು.

ಈ ಎರಡು ಪುಸ್ತಕಗಳ ನಡುವೆ ಬೂಲನ ಬಾಳು ತಿರುಗಿತ್ತು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹೊಸದಾಗಿ ತೆರೆದ ಕ್ವೀನ್ಸ್ ಕಾಲೇಜಿಗೆ ೧೮೪೯ರಲ್ಲಿ ಅವನು ಗಣಿತದ ಮೊದಲ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಕಲಿಯದವನು ಕಾಲೇಜಿನಲ್ಲಿ ಕಲಿಸುವವನಾದನು. ಮಗನ ಈ ಏಳಿಗೆಯನ್ನು ಕಾಣಲು ತಂದೆ ಉಳಿದಿರಲಿಲ್ಲ. ಅವನು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದನು.

ಕಾರ್ಕಿನಲ್ಲಿ ಬೂಲನಿಗೆ ಮೇರಿ ಎವರೆಸ್ಟ್ ಎಂಬ ತರುಣಿಯ ಪರಿಚಯವಾಯಿತು. ನಮ್ಮ ದೇಶದ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥನಾಗಿದ್ದ ಜಾರ್ಜ್ ಎವರೆಸ್ಟ್ ಅವಳ ದೊಡ್ಡಪ್ಪ. ಜಗತ್ತಿನ ಅತ್ಯುನ್ನತ ಶಿಖರಕ್ಕೆ ಇಟ್ಟಿರುವುದು ಆತನ ಹೆಸರನ್ನೇ. ಆತನು ಮುಂದುವರಿಸಿದ ಮಹಾ ಅಳತೆಯ ಕೆಲಸವನ್ನು ಹಿಂದಿನವನಾದ ಲ್ಯಾಂಬ್ಟನ್ ಮೊದಲು ಪ್ರಯೋಗಿಸಿ ನೋಡಿದ್ದು ೧೮೦೦ರಲ್ಲಿ ನಮ್ಮ ಬೆಂಗಳೂರಿನ ಬಯಲಿನಲ್ಲಿ. ಭಾರತದ ತರ್ಕವಿಚಾರಗಳು ದೊಡ್ಡಪ್ಪನ ಮೂಲಕ ಬೂಲನಂಥವರನ್ನು ತಲುಪಿದವೆಂದು ಮೇರಿ ಮುಪ್ಪಿನಲ್ಲಿ ಬರೆದಳು. ಅಭಿಮಾನಪಡಲು ಯೋಗ್ಯವಾದ ಮಾತು. ಆದರೂ ಅವಳು ಹೇಳಿದಷ್ಟನ್ನೂ ಒಪ್ಪಲು ನನಗೆ ಸಂಕೋಚ. ಬೂಲನು ಮೇರಿಗೆ ಗಣಿತ ಹೇಳಿಕೊಟ್ಟನು. ಪತ್ರಗಳಲ್ಲಿ ಪಾಠ ಮುಂದುವರಿಯಿತು. ಇಬ್ಬರ ವಯಸ್ಸಿಗೂ ಹದಿನೇಳು ವರ್ಷಗಳ ಅಂತರ. ಅವಳ ತಂದೆ ತೀರಿಕೊಂಡು ಅವಳಿಗೆ ಆಸರೆ ತಪ್ಪಿದ ವರ್ಷ, ೧೮೫೫ರಲ್ಲಿ, ಇಬ್ಬರೂ ಮದುವೆಯಾದರು. ಐವರು ಹೆಣ್ಣುಮಕ್ಕಳು ಹುಟ್ಟಿದರು.

ಈ ನೆಮ್ಮದಿ ಒಂಬತ್ತೇ ವರ್ಷ ಬಾಳಿತು. ೧೮೬೪ರ ನವೆಂಬರ್ ಕೊನೆಯಲ್ಲಿ ಒಂದು ದಿನ ಧಾರಾಕಾರವಾಗಿ ಮಳೆ ಸುರಿಯುತ್ತಿತ್ತು. ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ. ಬೂಲನು ಮಳೆಯಲ್ಲಿಯೇ ನಡೆದುಹೋಗಿ, ತೊಯ್ದ ಬಟ್ಟೆಯಲ್ಲಿಯೇ ನಿಂತು ಪಾಠ ಹೇಳಿ ಮುಗಿಸಿದನು. ಮನೆಗೆ ಬಂದಾಗ ಜ್ವರ. ಅದು ಶ್ವಾಸಕೋಶಕ್ಕೆ ಇಳಿಯಿತು. ರೋಗಕ್ಕೆ ಅದರ ಕಾರಣವೇ ಮದ್ದೆಂದು ನಂಬಿದ್ದ ಮೇರಿ, ಮಲಗಿದ್ದ ಗಂಡನ ಮೇಲೆ ತಣ್ಣೀರು ಸುರಿದಳೆಂಬ ಮಾತು ಆ ಕುಟುಂಬದಲ್ಲಿ ಉಳಿದುಬಂದಿದೆ. ಡಿಸೆಂಬರ್ ೮ರಂದು ಅವನು ಕಣ್ಣು ಮುಚ್ಚಿದನು. ವಯಸ್ಸು ೪೯. ಹಿರಿಯ ಮಗಳಿಗೆ ಎಂಟು ವರ್ಷ. ಕಿರಿಯ ಕೂಸಿಗೆ ಏಳು ತಿಂಗಳೂ ತುಂಬಿರಲಿಲ್ಲ.

ಮೇರಿ ಲಂಡನ್ನಿಗೆ ಹೋದಳು. ಅಲ್ಲಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅವಳಿಗೆ ದೊರೆತದ್ದು ಗ್ರಂಥಪಾಲಕಿಯ ಕೆಲಸ. ಆದರೆ ಕಲಿಸುವ ಹಂಬಲ ಅವಳನ್ನು ಬಿಡಲಿಲ್ಲ. ದಪ್ಪ ಕಾಗದದ ತುಂಡುಗಳಿಗೆ ಅಂಚಿನಲ್ಲಿ ತೂತುಗಳನ್ನು ಮಾಡಿ, ಆ ತೂತಿನಿಂದ ಈ ತೂತಿಗೆ ಬಣ್ಣದ ದಾರವನ್ನು ನೇರವಾಗಿ ಎಳೆಯುತ್ತ ಹೋಗುವ ಆಟವನ್ನು ಅವಳು ಮಕ್ಕಳಿಗೆ ಕಲಿಸಿದಳು. ಪ್ರತಿಯೊಂದು ದಾರವೂ ನೇರ. ಎಲ್ಲ ಸೇರಿದಾಗ ಕಣ್ಣೆದುರಿಗೆ ಒಂದು ಬಾಗಿದ ಗೆರೆ ಮೂಡುತ್ತದೆ. ಸೂಜಿದಾರ ಹಿಡಿದ ಮಗು, ತಾನು ಕಲಿತೆನೆಂದು ಅರಿಯದೆಯೇ ರೇಖಾಗಣಿತವನ್ನು ಕಲಿತಿರುತ್ತದೆ.

ಮೂರನೆಯ ಮಗಳು ಅಲೀಸಿಯಾಳಿಗೆ ಗಣಿತದ ಶಾಲಾಶಿಕ್ಷಣ ಹೆಚ್ಚೇನೂ ಇರಲಿಲ್ಲ. ಅಕ್ಕನನ್ನು ಮದುವೆಯಾದ ಹಿಂಟನ್ ಎಂಬವನು ಮರದ ಸಣ್ಣ ಘನಗಳ ರಾಶಿಯನ್ನು ತಂದು, ಅವನ್ನು ಜೋಡಿಸುತ್ತ ನಾಲ್ಕನೆಯ ಆಯಾಮವನ್ನು ಊಹಿಸಿಕೊಳ್ಳುವುದನ್ನು ಹುಡುಗಿಯರಿಗೆ ಆಟವಾಗಿ ತೋರಿಸುತ್ತಿದ್ದನು. ಉಳಿದವರಿಗೆ ಬೇಸರ ಬಂದಿತೋ ಏನೋ. ಅಲೀಸಿಯಾ ಆ ಆಟವನ್ನು ಬಿಡಲೇ ಇಲ್ಲ. ಕಣ್ಣಿಗೆ ಕಾಣದ ನಾಲ್ಕು ಆಯಾಮಗಳ ಆಕೃತಿಗಳನ್ನು ಕತ್ತರಿಸಿದರೆ ದೊರೆಯುವ ಛೇದಗಳನ್ನು ರಟ್ಟಿನಲ್ಲಿ ಮಾಡಿಟ್ಟಳು. ೧೯೧೪ರಲ್ಲಿ ನೆದರ್‌ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾನಿಲಯವು ಅವಳಿಗೆ ಗೌರವ ಡಾಕ್ಟರೇಟನ್ನು ನೀಡಿತು. ತಂಗಿ ಲೂಸಿ ರಸಾಯನಶಾಸ್ತ್ರಜ್ಞೆಯಾದಳು. ತಂದೆಯ ಮುಖವನ್ನು ನೆನೆಯಲಾರದ ಕಿರಿಯಳಾದ ಎಥೆಲ್ ಕಾದಂಬರಿಕಾರ್ತಿಯಾಗಿ ಹೆಸರಾದಳು.

ಬೂಲನ ಬೀಜಗಣಿತವಾದರೋ ಬಹುಕಾಲ ಪಂಡಿತರ ಕಪಾಟಿನಲ್ಲಿಯೇ ಉಳಿಯಿತು. ಜೆವನ್ಸ್ ಎಂಬ ವಿದ್ವಾಂಸನು ೧೮೬೯ರಲ್ಲಿ ಅದರ ಆಧಾರದಿಂದ ಪುಟ್ಟ ಪಿಯಾನೋವಿನಂಥ ಯಂತ್ರವನ್ನು ಮಾಡಿಸಿದನು. ಮಣೆಗಳನ್ನು ಒತ್ತಿ ಹೇಳಿಕೆಗಳನ್ನು ಕೊಟ್ಟರೆ ಅವುಗಳಿಗೆ ಹೊಂದದ ಸಾಧ್ಯತೆಗಳು ಮರೆಯಾಗಿ, ಹೊಂದುವವು ಮಾತ್ರ ಕಾಣುತ್ತಿದ್ದವು. ಅದು ಒಂದು ಕುತೂಹಲದ ವಸ್ತುವಾಗಿಯೇ ಉಳಿಯಿತು. ಬೂಲನ ಸೊನ್ನೆ–ಒಂದುಗಳಿಗೆ ನಿಜವಾದ ಒಡಲು ದೊರೆತದ್ದು ೧೯೩೭ರಲ್ಲಿ. ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶ್ಯಾನನ್ನನು ಕಾಲೇಜಿನಲ್ಲಿ ಬೂಲನ ತರ್ಕವನ್ನು ಓದಿದ್ದನು. ಸ್ವಿಚ್ ಮುಚ್ಚಿದ್ದರೆ ವಿದ್ಯುತ್ತು ಹರಿಯುತ್ತದೆ, ತೆರೆದಿದ್ದರೆ ಹರಿಯುವುದಿಲ್ಲ. ಎರಡು ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದಾಗಿ ಕೂಡಿಸಿದರೆ ಎರಡೂ ಮುಚ್ಚಿದಾಗ ಮಾತ್ರ ದೀಪ ಉರಿಯುತ್ತದೆ; ಅಕ್ಕಪಕ್ಕದಲ್ಲಿ ಕೂಡಿಸಿದರೆ ಯಾವುದಾದರೂ ಒಂದು ಮುಚ್ಚಿದರೂ ಸಾಕು. 'ಮತ್ತು', 'ಅಥವಾ' ಎಂಬ ಮಾತುಗಳೇ ತಂತಿಗಳಾದವು. ಎಂಥ ಜಟಿಲವಾದ ಸ್ವಿಚ್ಚಿನ ಜಾಲವನ್ನಾದರೂ ಬೂಲನ ಸಮೀಕರಣಗಳಲ್ಲಿ ಬರೆದು ಸರಳಗೊಳಿಸಬಹುದೆಂದು ಶ್ಯಾನನ್ ತನ್ನ ಪ್ರಬಂಧದಲ್ಲಿ ತೋರಿಸಿದನು. ಗಣಕಯಂತ್ರಗಳು ಬಂದವು; ಸ್ವಿಚ್ಚುಗಳ ಬದಲು ಟ್ರಾನ್ಸಿಸ್ಟರುಗಳು ಬಂದವು; ಸಾವಿರಾರು ಟ್ರಾನ್ಸಿಸ್ಟರುಗಳು ಬೆರಳಿನ ಉಗುರಿನಷ್ಟು ಸಿಲಿಕಾನಿನ ಚಿಪ್ಪಿನಲ್ಲಿ ಅಡಗಿದವು. ೧೯೭೦ರ ದಶಕದಲ್ಲಿ ಅವು ಮಕ್ಕಳ ಆಟಿಕೆಯಲ್ಲಿ ಹಾಕುವಷ್ಟು ಅಗ್ಗವೂ ಆದವು.

ಇನ್ನು ಮೊದಲಿನ ಪೆಟ್ಟಿಗೆಗೆ ಬರೋಣ. ಒಂದು ಗುಂಡಿಯನ್ನು ಎರಡು ಸಲ ಒತ್ತಿದರೆ ದೀಪಗಳು ಮೊದಲಿದ್ದಂತೆಯೇ ಆಗುತ್ತವೆ. ಎರಡು ಸಲ ಒತ್ತುವುದೂ ಒತ್ತದಿರುವುದೂ ಒಂದೇ. ಯಾವುದನ್ನು ಮೊದಲು ಒತ್ತಿದಿರಿ, ಯಾವುದನ್ನು ಆಮೇಲೆ ಒತ್ತಿದಿರಿ ಎಂಬುದರಿಂದ ಫಲ ಬದಲಾಗುವುದಿಲ್ಲ. ಹೀಗಾಗಿ ಆಟಗಾರನು ಪ್ರತಿಯೊಂದು ಗುಂಡಿಯ ವಿಷಯದಲ್ಲಿ ತೀರ್ಮಾನಿಸಬೇಕಾದುದು ಒಂದೇ: ಒತ್ತಬೇಕೆ, ಬೇಡವೆ? ಒಂದೇ, ಸೊನ್ನೆಯೇ? ಬೂಲನ ತರುವಾಯದವರು ಅವನ ಗಣಿತವನ್ನು ತಿದ್ದಿ ಬೆಳೆಸಿದಾಗ, ಒಂದಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ ಬರುವ ಒಂದು ಕೂಡುಲೆಕ್ಕವೂ ಅದರೊಳಗೆ ಸೇರಿಕೊಂಡಿತು. ಈ ಆಟಕ್ಕೆ ಬೇಕಾದುದು ಅದೇ ಲೆಕ್ಕ. ಅದರಿಂದ ಗಣಿತಜ್ಞರು ಎರಡು ಸಂಗತಿಗಳನ್ನು ಸಾಧಿಸಿದ್ದಾರೆ. ದೀಪಗಳನ್ನು ಮನಬಂದಂತೆ ಹಚ್ಚಿಟ್ಟರೆ, ಅಂಥ ವಿನ್ಯಾಸಗಳಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಪೂರ್ತಿ ಆರಿಸಲು ಸಾಧ್ಯ. ಉಳಿದವು ಯಾರ ಕೈಗೂ ಬಗ್ಗುವುದಿಲ್ಲ. ಆರಿಸಲು ಸಾಧ್ಯವಾದುದು ಯಾವುದೇ ಆಗಲಿ, ೧೫ ಒತ್ತುಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಇದನ್ನೆಲ್ಲ ಓದಿ ತಿಳಿದ ಮೇಲೆ ನಾನು ಕಾಗದದ ಮೇಲೆ ೨೫ ಮನೆಗಳನ್ನು ಬರೆದು, ಒತ್ತಿದ ಕಡೆ ಒಂದು, ಒತ್ತದ ಕಡೆ ಸೊನ್ನೆ ಹಾಕುತ್ತ ಮತ್ತೊಮ್ಮೆ ಪ್ರಯತ್ನಿಸಿದೆ. ನನ್ನ ಲೆಕ್ಕ ಮುಗಿಯುವ ಮೊದಲೇ ಮೊಮ್ಮಗಳು ಪೆಟ್ಟಿಗೆಯನ್ನು ಕತ್ತಲು ಮಾಡಿ, ಮುಂದಿನ ಆಟವನ್ನು ಹಚ್ಚಿಕೊಂಡಿದ್ದಳು.